ಅರ್ಜಿಯಲ್ಲಿ ಬರೆದ ನಿಮ್ಮ ಹೆಸರು

ರೀ,

ಅಣ್ಣನ ದೊಡ್ಡ ಟ್ರಂಕು ತರೋಕೆ ಕಣಕಟ್ಟೆಗೆ ಹೋಗಿದ್ದೀನಿ, ಸಂಜೆ ಬಸ್ಸಿಗೆ ಬರ್ತೀನಿ. ಸಾರು ಒಲೆ ಮೇಲಿದೆ, ಬಿಸಿ ಮಾಡಿಕೊಳ್ಳಿ.

ಸಿಲೋನಿಗೆ ಹೋಗೋದೇ ಸೈ. ಧನುಷ್ಕೋಟಿವರೆಗೆ ನಿಮ್ಮ ರೈಲ್ವೆ ಪಾಸಿದೆ, ಹಡಗಿಗೆ, ಆಚೆ ದಡದ ರೈಲಿಗೆ ಮಾತ್ರ ಟಿಕೆಟ್ಟು. ಕೊಲಂಬೊದಲ್ಲಿ ಕಮಲಕ್ಕನ ಮನೇಲಿ ಇಳಿಯೋಣ. ಹೋಟೆಲಿನ ಮಾತೇ ಬೇಡ. ಪುಳಿಯೋಗರೆ ಗೊಜ್ಜು, ಹುರಿಹಿಟ್ಟು ಕಟ್ಟಿಕೊಳ್ತೀನಿ. ಉಳಿಸಿದ್ದರಲ್ಲಿ ಮಕ್ಕಳು ಅಲ್ಲಿನ ಆಟದ ಪಾರ್ಕಿನಲ್ಲಿ ಆಕಾಶದೆತ್ತರಕ್ಕೆ ತಿರುಗೋ ತೊಟ್ಟಿಲು ಎರಡು ಸಲ ಹತ್ತಲಿ.

ನನ್ನ ಪಾಸ್‌ಪೋರ್ಟ್ ಅರ್ಜಿ ದೇವರ ಗೂಡಿನಲ್ಲಿದೆ, ಇವತ್ತೇ ಅಂಚೆಗೆ ಹಾಕಿ. "ಗಂಡನ ಹೆಸರು ಬರೆಯೋಕೇ ಹೆದರೋಳು ಸಮುದ್ರ ದಾಟ್ತಾಳಂತೆ" ಅಂತ ನಿನ್ನೆ ನೀವು ಆಡಿಕೊಂಡ್ರಲ್ಲ? ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತೆ ಅಂತ ಅಮ್ಮ ಹೇಳಿದ್ದಳು. ಬರೆಯೋದರ ಬಗ್ಗೆ ಏನೂ ಹೇಳಿರಲಿಲ್ಲ. ಮಗನ ಸ್ಲೇಟಿನಲ್ಲಿ ಮೂರು ಸಲ ಬರೆದು ಅಳಿಸಿ, ಆಮೇಲೆ ಶಾಯಿಯಲ್ಲಿ ದಪ್ಪಕ್ಷರದಲ್ಲೇ ಬರೆದಿದ್ದೀನಿ. ಹೋಗಿ ನೋಡಿಕೊಳ್ಳಿ.

ಹಡಗಿನ ಹತ್ತಿರ ಅಧಿಕಾರಿ ಕೇಳಿದರೆ ಬಾಯಿಬಿಟ್ಟೇ ಹೇಳ್ತೀನಿ. ಮದುವೆಯಾದ ಹನ್ನೊಂದು ವರ್ಷಕ್ಕೆ ಮೊದಲ ಸಲ ಹೆಸರು ಹಿಡಿದು ಕರೆದಳು ಅಂತ ನೀವು ಮಾತ್ರ ಗಾಬರಿಯಾಗಿ "ಓ" ಅನ್ನಬೇಡಿ. ನನಗೆ ನಗು ಬಂದುಬಿಡುತ್ತೆ.