ಅಕ್ಕನ ಬೆಳ್ಳಿ

ಕಪ್ಪತಗುಡ್ಡದ ಒಳಗಿನ ಊರು
ಮೂರನೆಯ ಬೇಸಿಗೆ, ಹುಣ್ಣಿಮೆಯ ಮರುದಿನ, ಇಸವಿ 2419

ಹಿಂದಿನ ಕಾಲದವರಿಗೆ ಫಕೀರವ್ವನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಪಂಚಾಂಗದಲ್ಲಿ ವರ್ಷಕ್ಕೆ ಮೂರು ಬೇಸಿಗೆ, ಮಳೆಗಾಲವಿಲ್ಲ. ನಿಮ್ಮ ಬರವಣಿಗೆಯ ಕನ್ನಡವನ್ನು ನಾನು ಓದಿ ಕಲಿತದ್ದು. ಕೆಲವು ಮಾತು ನಿಮ್ಮ ಕಿವಿಗೆ ಒಗ್ಗದಿದ್ದರೆ ಕ್ಷಮಿಸಿ. ಈ ಕಾಗದ ನಿಮ್ಮನ್ನು ಹೇಗೆ ತಲುಪುತ್ತದೋ ನನಗೂ ತಿಳಿಯದು.

ನೀವು ಅತಿವಾಹಕ ಎನ್ನುತ್ತಿದ್ದ ತಂತಿಗೆ ನಾವು ನಿಲ್ಲದ ತಂತಿ ಎನ್ನುತ್ತೇವೆ. ಚೆನ್ನಾಗಿ ತಣ್ಣಗಿಟ್ಟರೆ ಅದರಲ್ಲಿ ಬಿಟ್ಟ ವಿದ್ಯುತ್ತು ಸವೆಯದೆ ಸುತ್ತುತ್ತಲೇ ಇರುತ್ತದೆ. ಹುಟ್ಟುವ ಪ್ರತಿ ಕೂಸಿಗೂ ಇಂಥ ತಂತಿಯ ಒಂದು ಸುರುಳಿ ಬೇಕು. ಗಾಳಿ ಬೀಸಿದಾಗ ಗಾಳಿಯಂತ್ರದ ವಿದ್ಯುತ್ತನ್ನು ಅದಕ್ಕೆ ತುಂಬುತ್ತೇವೆ. ಗಾಳಿ ಬಿದ್ದುಹೋದ ದಿನಗಳಲ್ಲಿ ಅದೇ ಕೂಸಿನ ಕೋಣೆಯನ್ನು ತಂಪಾಗಿಡುತ್ತದೆ. ಸುರುಳಿಯಿಲ್ಲದ ಕೂಸು ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಮನುಷ್ಯ ಸತ್ತ ಮೇಲೆ ಅವನ ಸುರುಳಿಯನ್ನು ತಣ್ಣನೆಯ ಗವಿಯಲ್ಲಿಡುತ್ತೇವೆ. ಕೊನೆಯ ಸಲ ತುಂಬಿದ ವಿದ್ಯುತ್ತು ಅಲ್ಲೇ ಸುತ್ತುತ್ತಿರುತ್ತದೆ. ಅದರ ಮುಂದೆ ಒಂದು ದಿಕ್ಸೂಚಿ. ಮುಳ್ಳು ಉತ್ತರವನ್ನು ಬಿಟ್ಟು ಸುರುಳಿಯ ಕಡೆ ನೋಡುತ್ತಿರುವ ತನಕ ಹೋದವರು ಇನ್ನೂ ಇದ್ದಾರೆಂದೇ ನಮ್ಮ ನಂಬಿಕೆ. ಅಮಾವಾಸ್ಯೆಗೆ ಮನೆಯವರು ಎಡೆಯಿಟ್ಟು ಮಾತಾಡಿಸಿ ಬರುತ್ತಾರೆ. ಗವಿ ಕಾಯುವುದು ನನ್ನ ಕೆಲಸ.

ಬೆಳ್ಳಿ ಸಾಕಷ್ಟಿದ್ದಿದ್ದರೆ ಇದೆಲ್ಲ ಚೆನ್ನಾಗಿಯೇ ಇರುತ್ತಿತ್ತು. ಈ ತಂತಿಯ ಜೀವವಿರುವುದು ಸುಣ್ಣ ಬಳಿದಷ್ಟು ತೆಳುವಾದ ಒಂದು ಕರಿಪದರದಲ್ಲಿ. ಕುಲುಮೆಯಲ್ಲಿ ಅದಕ್ಕೆ ಆಮ್ಲಜನಕ ಕುಡಿಸಬೇಕು. ಅದರ ಮೇಲೆ ನೇರವಾಗಿ ತಾಮ್ರ ಹೊದಿಸಿದರೆ, ತಾಮ್ರವು ಆ ಆಮ್ಲಜನಕವನ್ನೇ ಕಿತ್ತುಕೊಂಡು ಪದರವನ್ನು ಕೊಲ್ಲುತ್ತದೆ. ನಡುವೆ ಬಳಿದ ಬೆಳ್ಳಿ ಕಿತ್ತುಕೊಳ್ಳುವುದಿಲ್ಲ, ಆಮ್ಲಜನಕಕ್ಕೆ ದಾರಿ ಬಿಡುತ್ತದೆ. ಇದು ನಿಮಗೆ ಗೊತ್ತಿತ್ತು. ಬೆಳ್ಳಿ ದುಬಾರಿಯೆಂದೂ ಗೊತ್ತಿತ್ತು. ಆದರೂ ಬೇಕಾದ್ದಕ್ಕಿಂತ ದಪ್ಪ ಬಳಿದು, ಹಳತಾದ ತಂತಿಯನ್ನು ತಿಪ್ಪೆಗೆ ಎಸೆದಿರಿ. ಉಂಡೆದ್ದವರು ಮುಂದಿನ ಪಂಕ್ತಿಯ ಗೊಡವೆಗೇ ಹೋಗಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಈಗ ಗಣಿಗಳಲ್ಲಿ ಬೆಳ್ಳಿಯಿಲ್ಲ, ಇರುವುದು ಗವಿಯಲ್ಲಿ ಮಾತ್ರ. ಹಳೆಯ ಕರಿಪದರ ಹೊಸ ಕೂಸಿಗೆ ಬೇಕಾದಷ್ಟು ವಿದ್ಯುತ್ತನ್ನು ತಡೆಯುವುದಿಲ್ಲ. ಹಾಗಾಗಿ ಹೋದವರ ಒಂದು ಸುರುಳಿಯನ್ನು ಬೆಚ್ಚಗೆ ಮಾಡಿ, ವಿದ್ಯುತ್ತು ನಿಂತು ಮುಳ್ಳು ಉತ್ತರಕ್ಕೆ ಮರಳುವುದನ್ನು ಕಂಡು, ಕೈಮುಗಿದು, ಬೆಳ್ಳಿ ಬಿಡಿಸಿಕೊಂಡು ಹೊಸ ತಂತಿ ಮಾಡುತ್ತೇವೆ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಕೊಟ್ರಪ್ಪಜ್ಜನ ಸುರುಳಿಯನ್ನು ಬೆಚ್ಚಗೆ ಮಾಡಿದಾಗ ಮುಳ್ಳು ಉತ್ತರಕ್ಕೆ ಮರಳಲಿಲ್ಲ. ಅವನ ಬೆಳ್ಳಿ ಸೇರಲಿದ್ದ ಮನೆಯ ಕಡೆ ತಿರುಗಿ ನಿಂತಿತು. ಮುಳ್ಳು ಕೆಟ್ಟಿರಬೇಕೆಂದು ಬದಲಿಸಿದೆ. ಹೊಸದೂ ಅತ್ತಲೇ ನೋಡಿತು. ಆ ಮನೆಯ ಕೂಸಿಗೆ ಈಗ ತೊದಲು ಮಾತು. ಮೊನ್ನೆ ನನ್ನನ್ನು ಕಂಡು ತೊದಲದೆ, “ಫಕೀರಿ, ಅಲ್ಲಿ ಥಂಡಿ ಭಾಳ ಐತವಾ,” ಅಂದಿತು. ನನ್ನನ್ನು ಫಕೀರಿ ಎನ್ನುತ್ತಿದ್ದವನು ಕೊಟ್ರಪ್ಪಜ್ಜ ಒಬ್ಬನೇ. ಅದರ ತಾಯಿ ನಕ್ಕಳು.

ನನ್ನ ಅಕ್ಕ ದ್ಯಾಮವ್ವ ಹೋದ ವರ್ಷ ತೀರಿಕೊಂಡಳು. ಅವಳೆಂದರೆ ನನಗೆ ಪ್ರಾಣ. ಅವಳ ಮಗಳು ಸಂಗವ್ವನಿಗೆ ಈಗ ದಿನ ತುಂಬಿದೆ. ಗವಿಯ ಬೇರೆ ಸುರುಳಿಗಳ ಬೆಳ್ಳಿ ಎಷ್ಟೋ ತಲೆಮಾರು ಕೈ ಬದಲಿಸಿ ಸವೆದುಹೋಗಿದೆ. ಒಂದು ಕೂಸಿಗೆ ಸಾಕಾಗುವಷ್ಟಿದ್ದದ್ದು ಅಕ್ಕನದು ಮಾತ್ರ. ಸಂಗವ್ವನೇ ಬಾಯಿಬಿಟ್ಟು ಕೇಳಿದಳು: “ಚಿಗವ್ವಾ, ಅವ್ವಂದ ತಗೀ. ಮೊಮ್ಮಕ್ಕಳಿಗೆ ಅಂದ್ರ ಆಕಿ ಒಲ್ಲೆ ಅಂತಾಳೇನು?” ಒಲ್ಲೆ ಅನ್ನುವವಳಲ್ಲ ನಮ್ಮಕ್ಕ. ನನ್ನ ಭಯವೂ ಅದೇ. ಅವಳು ಕರೆಯದೆ ಬರುವವಳು. ಮಗಳ ಒಲೆಯ ಮುಂದೆ ನಿಂತು ಸೌಟು ಕಸಿದುಕೊಳ್ಳುತ್ತಿದ್ದವಳು.

ತೆಗೆಯದಿದ್ದರೆ ಕೂಸು ಉಳಿಯುವುದಿಲ್ಲ. ತೆಗೆದರೆ, ಉಳಿಯುವುದು ಸಂಗವ್ವನ ಕೂಸೇ ಹೌದೋ ಅಲ್ಲವೋ. ಇಂದು ಬೆಳಿಗ್ಗೆ ಅಕ್ಕನ ಸುರುಳಿಯನ್ನು ಬೆಚ್ಚಗೆ ಮಾಡಿದೆ. ಮುಳ್ಳು ನಡುಗಿತು. ಉತ್ತರವನ್ನು ದಾಟಿ, ಬಾಗಿಲ ಬಳಿ ಕೂತಿದ್ದ ಸಂಗವ್ವನ ಕಡೆ ನಿಂತಿತು. ಬೆಳ್ಳಿಯನ್ನು ನಾನಿನ್ನೂ ಬಿಡಿಸಿರಲಿಲ್ಲ. ಅವಳು ನೀರು ಕುಡಿಯಲು ಎದ್ದು ಹೋದಳು. ಮುಳ್ಳೂ ಅವಳ ಹಿಂದೆಯೇ ಸರಿಯಿತು. ನಾನು ಅದರ ಮೇಲೆ ಸೆರಗು ಹಾಕಿ ಮುಚ್ಚಿದೆ, ಅವಳಿಗೆ ಹೇಳಲಿಲ್ಲ. ಬೆಳ್ಳಿ ಈಗ ಕುಲುಮೆಯಲ್ಲಿದೆ.

ನಿಮ್ಮ ಕಾಲದಲ್ಲಿ ಕೆಲವರು ಆ ಬೆಳ್ಳಿಯನ್ನು ಇನ್ನಷ್ಟು ತೆಳುವಾಗಿ ಬಳಿಯಲು, ಅದರ ಜಾಗಕ್ಕೆ ಅಗ್ಗದ ಲೋಹ ಹುಡುಕಲು ಒದ್ದಾಡುತ್ತಿದ್ದರೆಂದು ಓದಿದ್ದೇನೆ. ಜಿಪುಣರೆಂದು ಅವರನ್ನು ನೋಡಿ ನಗಬೇಡಿ, ನಡುದಾರಿಯಲ್ಲಿ ಕೈಬಿಡಬೇಡಿ. ಅವರು ಉಳಿಸಿದ ಒಂದೊಂದು ಗುಂಜಿ ತೂಕದ ಬೆಳ್ಳಿಯೂ ನಮ್ಮಲ್ಲಿ ಒಬ್ಬರನ್ನು ನೆಮ್ಮದಿಯಾಗಿ ಮಲಗಲು ಬಿಡುತ್ತದೆ, ಇನ್ನೊಬ್ಬರನ್ನು ಹೊಸದಾಗಿ ಹುಟ್ಟಲು ಬಿಡುತ್ತದೆ. ನಾನು ಬೇಡುವುದು ಇಷ್ಟೇ.

ಸಂಗವ್ವನಿಗೆ ನೋವು ಕಾಣಿಸಿಕೊಂಡಿದೆ, ಹೋಗಬೇಕು. ಕೂಸು ಜೋರಾಗಿ ಅಳಲಿ, ರಂಪ ಮಾಡಲಿ, ಊರೇ ಏಳಲಿ. ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿಯದಿದ್ದರೆ ಸಾಕು.