ಶನಿವಾರದ ಲಾರಿ

ಮಂಗಳವಾರ, ಬೆಳಗ್ಗೆ ಹತ್ತೂವರೆ

ನನ್ನ ಹಟಮಾರಿ ಅಕ್ಕನಿಗೆ,

ನಾವೆಲ್ಲ ಕ್ಷೇಮ, ನೀವೂ ಹಾಗೇ ಇದ್ದೀರೆಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಇದು ನನ್ನ ನಾಲ್ಕನೇ ಉತ್ತರ. ಮೊದಲನೆಯದರಲ್ಲಿ ಬರುತ್ತೇವೆ ಎಂದಿದ್ದೆ, ಎರಡನೆಯದರಲ್ಲಿ ಬರುವುದಿಲ್ಲ ಎಂದಿದ್ದೆ, ಮೂರನೆಯದನ್ನು ಚಿಕ್ಕವಳು ದೋಣಿ ಮಾಡಿ ಬಕೆಟ್ಟಿನಲ್ಲಿ ತೇಲಿಬಿಟ್ಟಳು. ಅದರಲ್ಲಿ ಏನು ಬರೆದಿದ್ದೆನೋ ನನಗೇ ನೆನಪಿಲ್ಲ.

ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮನೆಯೆಲ್ಲ ಸುತ್ತುತ್ತಿದ್ದೇನೆ. ಸುತ್ತುವುದಕ್ಕೆ ಈ ಮೂರನೇ ಮಹಡಿಯ ಮನೆಯಾದರೂ ಎಷ್ಟಿದೆ? ಒಲೆಯಿಂದ ಕಿಟಕಿಗೆ ಒಂಬತ್ತು ಹೆಜ್ಜೆ, ಕಿಟಕಿಯಿಂದ ಬಾಗಿಲಿಗೆ ಹನ್ನೊಂದು. ದೊಡ್ಡವಳು ಎಣಿಸಿಟ್ಟಿದ್ದಾಳೆ. ಹನ್ನೊಂದು ವರ್ಷಕ್ಕೇ ವಾದ ಮಾಡಿ ಅಪ್ಪ ಅಮ್ಮ ಇಬ್ಬರನ್ನೂ ಮಣ್ಣು ಮುಕ್ಕಿಸುವ ಅವಳನ್ನು ನಾವೀಗ ಲಾಯರಮ್ಮ ಎಂದೇ ಕರೆಯುವುದು. ನಿನ್ನ ಭೂಮಿಯ ಪಕ್ಕಕ್ಕೆ ಹೋಗಿ ನೆಲೆಸಬೇಕೋ ಬೇಡವೋ ಎಂಬುದನ್ನೇ ಪಾಠ ಮಾಡಿಕೋ ಎಂದು, ನೀನು ಮೊದಲು ಕರೆದಾಗಲೇ, ಹೋದ ತಿಂಗಳು ನಿಮ್ಮಲ್ಲಿಗೆ ಹೊರಡುವ ಮುಂಚೆ ಅವಳಿಗೆ ನಾನೇ ಹೇಳಿದ್ದೆ. ಕಂಡದ್ದನ್ನೆಲ್ಲ ಪಾಠ ಮಾಡುವ ಚಾಳಿಯನ್ನು ನನಗೆ ಹತ್ತಿಸಿದವಳು ನೀನು, ಆದ್ದರಿಂದ ಮುಂದೆ ಓದಲಿರುವುದಕ್ಕೆಲ್ಲ ನೀನೇ ಹೊಣೆ.

ತಲೆಗೆ ಹುಳ ಬಿಟ್ಟವಳೂ ನೀನೇ ಅಲ್ಲವೇ? ಆರು ವರ್ಷದ ಹಿಂದೆ ನಿನ್ನ ಮಗಳನ್ನು, ನಮ್ಮ ಗುಬ್ಬಿಯನ್ನು, ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆ ಎಂದಾಗ ಬಳಗವೆಲ್ಲ ಮೂಗು ಮುರಿಯಿತು. ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ. ಮಾರನೇ ವರ್ಷ ನಾನೂ ಅದನ್ನೇ ಮಾಡಿದೆ. ಚಿಕ್ಕಂದಿನಲ್ಲಿ ಎಲ್ಲರೂ ನನ್ನನ್ನು ನಿನ್ನ ಬಾಲ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಮೂರು ವರ್ಷದ ಹಿಂದೆ ನೀವು ಭೂಮಿ ಕೊಂಡು ಹೊರಟಾಗ ದೊಡ್ಡಪ್ಪ, "ಆರು ತಿಂಗಳಲ್ಲಿ ವಾಪಸು ಬರ್ತಾರೆ ನೋಡ್ತಿರಿ" ಅಂದರು. ನೀನು ಲಾರಿಯ ಮೇಲೆ ನಿಂತುಕೊಂಡೇ, "ಬಂದ್ರೆ ನನ್ನ ಹೆಸರು ಬದಲಾಯಿಸಿ" ಅಂದೆ. ಆವತ್ತು ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ?

ಈಗ ನಿಮ್ಮ ಬೇಲಿಗೆ ಅಂಟಿಕೊಂಡ ಹೆಂಚಿನ ಮನೆ ಖಾಲಿಯಾಗಿದೆ, ತಿಂಗಳ ಕೊನೆಯೊಳಗೆ ಹೇಳದಿದ್ದರೆ ಬೇರೆಯವರ ಪಾಲಾಗುತ್ತದೆ ಎಂದು ಬರೆದಿದ್ದೀಯ. ಭಾವ ಬೇಲಿ ಕಟ್ಟುವುದರಲ್ಲಿ ಮುಳುಗಿದ್ದಾರೆ, ಕೈಗೆ ಸಿಗುವುದೇ ಇಲ್ಲ ಎಂದೂ ಬರೆದಿದ್ದೀಯ.

ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ. ಹೋದ ತಿಂಗಳು ನಿಮ್ಮಲ್ಲಿದ್ದ ನಾಲ್ಕೂ ದಿನ ಚಿಕ್ಕವಳು ಚಪ್ಪಲಿ ಮುಟ್ಟಲಿಲ್ಲ. ಇಲ್ಲಿ ಅವಳು ಒಂದು ಸಲ ಕುಣಿದರೆ ಕೆಳಗಿನ ಮನೆಯಾಕೆ ಪೊರಕೆ ಹಿಡಿಯಿಂದ ತಾರಸಿಗೆ ಗುದ್ದುತ್ತಾಳೆ. ನಮ್ಮ ಸಸ್ಯಶಾಸ್ತ್ರವೆಂದರೆ ಸ್ನಾನದ ಮಗ್ಗಿನಲ್ಲಿ ಬೆಳೆದ ಒಂದು ಹುರುಳಿಕಾಯಿ ಬಳ್ಳಿ. ಪಾಪ, ಅದು ಎದುರು ಕಟ್ಟಡದ ಗೋಡೆಯನ್ನೇ ಆಕಾಶವೆಂದು ತಿಳಿದು ಅತ್ತಲೇ ಬಾಗಿದೆ. ವಾಪಸು ಬಂದ ಮೇಲೆ ಚಿಕ್ಕವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ನಾನೂ ಊದಿಸಿಕೊಂಡಿದ್ದೆ, ಆದರೆ ನನ್ನನ್ನು ಸಮಾಧಾನ ಮಾಡುವವರು ಯಾರು?

ನಮ್ಮ ಮನೆಯ ಮೆಕ್ಯಾನಿಕ್ ಸಾಹೇಬರನ್ನು ಕೇಳಿದರೆ ನಗುತ್ತಾರೆ. "ಲಿಫ್ಟ್ ರಿಪೇರಿ ಮಾಡೋನಿಗೆ ಒಂದಂತಸ್ತಿನ ಊರಲ್ಲಿ ಏನೇ ಕೆಲಸ? ಮೇಕೆನ ಅಟ್ಟಕ್ಕೆ ಹತ್ತಿಸ್ಲಾ?" ಅನ್ನುತ್ತಾರೆ. ಆಮೇಲೆ ನನ್ನ ಮುಖ ನೋಡಿ, ನೀನು ಹ್ಞೂಂ ಅಂದರೆ ಪಂಪ್ ರಿಪೇರಿ ಕಲಿಯುತ್ತೇನೆ ಎಂದರು. ಅವರ ಈ ಒಳ್ಳೆಯತನವೇ ನನ್ನ ಜೀವ ತಿನ್ನುವುದು. ಒಂದು ಸಲ ಜಗಳವಾಡಿದ್ದರೆ ತೀರ್ಮಾನ ಸುಲಭವಾಗುತ್ತಿತ್ತು.

ನಿನ್ನ ಹತ್ತಿರ ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಮಕ್ಕಳಿಗೋಸ್ಕರ, ಮಣ್ಣಿಗೋಸ್ಕರ ಎಂದು ನಾನು ಎಲ್ಲರ ಮುಂದೆ ಹೇಳುತ್ತಿದ್ದೇನಲ್ಲ, ಅದು ಅರ್ಧ ಸತ್ಯ ಮಾತ್ರ. ಬೆಳಗ್ಗೆ ಹನ್ನೊಂದಕ್ಕೆ ಇವರಿಬ್ಬರನ್ನು ಕರೆದುಕೊಂಡು ಲೈಬ್ರರಿಗೆ ಹೊರಟರೆ ಲಿಫ್ಟಿನಲ್ಲಿ ಒಬ್ಬರಲ್ಲ ಒಬ್ಬರು, "ಏನ್ರೀ, ಇವತ್ತು ಸ್ಕೂಲಿಗೆ ರಜಾನಾ?" ಅಂತ ಕೇಳುತ್ತಾರೆ. ಐದು ವರ್ಷದಿಂದ ಉತ್ತರ ಹೇಳಿ ಹೇಳಿ ಸಾಕಾಗಿಹೋಗಿದೆ. ಕೇಳುವವರೇ ಇಲ್ಲದ ಕಡೆ ಓಡಿಹೋಗಬೇಕು ಎನಿಸುತ್ತದೆ. ಓಡಿಹೋಗಬೇಕೆನ್ನುವವಳು ನಾನು, ಮಕ್ಕಳಲ್ಲ.

(ಇಲ್ಲಿ ಎದ್ದುಹೋಗಿ ಕಾಫಿ ಮಾಡಿದೆ, ಕುಡಿಯಲು ಮರೆತೆ. ಈಗ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಮುಂದುವರಿಸುತ್ತಿದ್ದೇನೆ.)

ಇನ್ನು ಲಾಯರಮ್ಮನ ಪಾಠದ ಕಥೆ. ಎಕರೆ, ನೀರು, ಬಸ್ಸು ಎಂದೆಲ್ಲ ಬರೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಎಣಿಸಿದ್ದು ಮನುಷ್ಯರನ್ನು. ಒಂದು ದಿನಕ್ಕೆ ತಾನು ಎಷ್ಟು ಜನರ ಜೊತೆ ಮಾತಾಡುತ್ತೇನೆಂದು ಲೆಕ್ಕ ಇಟ್ಟಳು. ಬಾಗಿಲ ಕಾವಲಿನವರು, ಲೈಬ್ರರಿಯ ಮೇಡಂ, ಪುಸ್ತಕದ ಬೆನ್ನಿಗೆ ಅಂಟು ಬಳಿಯುವುದನ್ನು ಹೇಳಿಕೊಡುವ ಬೈಂಡರ್ ಅಜ್ಜ, ಪೊರಕೆಯ ಆಂಟಿಯೂ ಸೇರಿ ಹದಿನೇಳು. ನಿಮ್ಮಲ್ಲಿಗೆ ಬಂದಾಗ, "ನಾವಿಲ್ಲದ ದಿನ ನಿಂಗೆ ಎಷ್ಟು ಜನ ಆಗ್ತಾರೆ?" ಎಂದು ಗುಬ್ಬಿಯನ್ನು ಕೇಳಿದಳಂತೆ. ಗುಬ್ಬಿ ಭುಜ ಕುಣಿಸಿದಳಂತೆ, ಅಷ್ಟೇ. ಒಂದು ಕಾಲದಲ್ಲಿ ಅವಳ ಬಾಯಿ ಮುಚ್ಚಿಸಲು ನಾವು ಉಪಾಯ ಹುಡುಕುತ್ತಿದ್ದೆವು, ನೆನಪಿದೆಯಾ? ಲಾಯರಮ್ಮ ಗೆರೆ ಹೊಡೆದ ಹಾಳೆಯೊಂದನ್ನು ಅವಳ ಕೈಗಿಟ್ಟು, ಇಪ್ಪತ್ತೊಂದು ದಿನ ತುಂಬಿ ಅಂಚೆಗೆ ಹಾಕು ಎಂದು ಹೇಳಿ ಬಂದಿದ್ದಾಳೆ. ಮೇಕೆಯನ್ನು ಸೇರಿಸಬಹುದೇ ಎಂದು ಗುಬ್ಬಿ ಕೇಳಿದ್ದಕ್ಕೆ, ಕಾನೂನಿನ ಪ್ರಕಾರ ಆಗುವುದಿಲ್ಲ ಎಂದಳಂತೆ.

ಆ ನಾಲ್ಕೂ ದಿನ ಭಾವ ಸಿಗಲಿಲ್ಲ ಎನ್ನುವುದೊಂದೇ ಬೇಜಾರು. ಪಂಪಿನ ಬಿಡಿಭಾಗ ತರಲು ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದು ನೀನು ದಿನಾ ಹೇಳುತ್ತಿದ್ದೆ.

ನಿನ್ನೆ ಸಂಜೆ ನಾಲ್ವರೂ ಊಟದ ಮೇಜಿನ ಸುತ್ತ ಕೂತು ತೀರ್ಮಾನ ಮಾಡಿದೆವು. ಎಲ್ಲರಿಗೂ ಒಂದೊಂದು ಮತ, ಚಿಕ್ಕವಳಿಗೂ. ಶನಿವಾರಕ್ಕೆ ಲಾರಿ ಗೊತ್ತುಮಾಡಿದ್ದೇವೆ. ಮಧ್ಯಾಹ್ನದ ಹೊತ್ತಿಗೆ ನಾವೆಲ್ಲ ನಿಮ್ಮ ಬಾಗಿಲಲ್ಲಿರುತ್ತೇವೆ. ಗೇಟು ತೆಗೆದಿಡು. ಅಡುಗೆ ಮಾಡಿಕೊಂಡು ಒದ್ದಾಡಬೇಡ, ಬುತ್ತಿ ತರುತ್ತೇನೆ.

ಭಾವನಿಗೆ ನಮ್ಮ ನಮಸ್ಕಾರ ತಿಳಿಸು. ಗುಬ್ಬಿಗೆ ಮುತ್ತು.

ಎಂದೆಂದಿಗೂ ನಿನ್ನ ಹಿಂದೆ ಹಿಂದೆ ಬಂದ,
ನಿನ್ನ ಬಾಲ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದೆ. ಗುಬ್ಬಿಯ ಹಾಳೆ ನಿನ್ನೆ ಬೆಳಗ್ಗೆ ಬಂತು. ಅಮ್ಮ, ಇಪ್ಪತ್ತೊಂದು ದಿನ. ಹಾಲಿನವನು, ಒಂಬತ್ತು ದಿನ. ಬೇರೆಯವರು, ಎರಡು ದಿನ. ಮೇಕೆಗೆ ತಾನೇ ಪ್ರತ್ಯೇಕ ಗೆರೆ ಹೊಡೆದುಕೊಂಡಿದ್ದಾಳೆ, ಅದಕ್ಕೆ ದಿನವೂ ಗುರುತಿದೆ. ಅಪ್ಪನ ಸಾಲಿನಲ್ಲಿ ಎರಡು ವಾರ ಬರೀ ಸೊನ್ನೆ ಹಾಕಿ, ಮೂರನೇ ವಾರ ಆ ಸಾಲನ್ನೇ ಹೊಡೆದುಹಾಕಿದ್ದಾಳೆ. ಗುಬ್ಬಿಯನ್ನು ಬೈಯಬೇಡ ಅಕ್ಕಾ, ಅವಳು ಯಾರ ಮೇಲೂ ಚಾಡಿ ಹೇಳಿಲ್ಲ, ಎಣಿಸಿದ್ದಾಳೆ ಅಷ್ಟೇ. ಭಾವ ಯಾವಾಗ ಹೋದರು, ಯಾಕೆ ಹೋದರು ಎಂದು ನಾನು ಕೇಳುವುದಿಲ್ಲ. ಬೇಲಿಯ ಪಕ್ಕದ ಮನೆಗೆ ಬಾ ಎಂದು ನೀನು ಯಾಕೆ ಕರೆದೆ ಎಂಬುದು ಅರ್ಥವಾಗಿ ನಿನ್ನೆ ಇಡೀ ದಿನ ಅತ್ತೆ. ನಾವು ಬಂದರೂ ಆ ಹಾಳೆಗೆ ಸೇರುವುದು ನಾಲ್ಕೇ ಜನ, ಗುಬ್ಬಿಗೆ ಅಷ್ಟು ಸಾಲದು. ನಿನಗೂ ಸಾಲದು. ಅದಕ್ಕೇ ಲಾರಿ ಖಾಲಿ ಬರುತ್ತದೆ. ತುಂಬಬೇಕಾದದ್ದು ನಿಮ್ಮ ಸಾಮಾನು. ಮೇಕೆಯನ್ನು ಹಾಲಿನವನು ಸಾಕಿಕೊಳ್ಳುತ್ತಾನೋ ಕೇಳಿಡು. ಲಾಯರಮ್ಮ ಆಗಲೇ ತನ್ನ ಮಂಚವನ್ನು ಗೋಡೆಗೆ ಒತ್ತರಿಸಿ ನಿಮಗಿಬ್ಬರಿಗೂ ಜಾಗ ಮಾಡಿದ್ದಾಳೆ. ಹೆಸರು ಬದಲಾಯಿಸುವ ಚಿಂತೆ ಬಿಡು, ನಿನಗೊಂದು ಹೊಸದನ್ನು ಮಕ್ಕಳು ಮೂವರೂ ಸೇರಿ ಹುಡುಕುತ್ತಾರಂತೆ.