ಹನ್ನೊಂದು ಗಂಟೆಯ ಸೂಜಿ

ಏಲ್ಸ್‌ಬ್ರೂಕ್,
೧೪ ಫೆಬ್ರುವರಿ ೧೮೮೩

ಪ್ರೀತಿಯ ಡೆಟ್ಲೆಫ್,

ಕೆಮ್ಮು ಹೇಗಿದೆ? ಬರ್ಲಿನ್ನಿನ ಆ ಕೋಣೆಯಲ್ಲಿ ಒಲೆ ಈಗಲಾದರೂ ಉರಿಯುತ್ತಿದೆಯೇ? ನನ್ನ ಎದೆನೋವು ಇಳಿದಿದೆ, ಚಿಂತಿಸಬೇಡ.

ನಿನ್ನಪ್ಪ ಪ್ರಾಧ್ಯಾಪಕರಾಗಿ ಬರುವ ತಿಂಗಳಿಗೆ ಇಪ್ಪತ್ತು ವರ್ಷ. ವಿದ್ಯಾರ್ಥಿಗಳು ದೀವಟಿಗೆ ಹಿಡಿದು ಮೆರವಣಿಗೆ ತರುತ್ತಾರಂತೆ. ಚರ್ಮ ಹದಮಾಡುವವರ ಮಗ, ಏಳು ವರ್ಷ ಸಂಬಳವಿಲ್ಲದೆ ಪಾಠ ಹೇಳಿದವರು. ಭೂಮಿಯ ಕಾಂತಶಕ್ತಿ ದಿನವೂ ಹನ್ನೊಂದಕ್ಕೆ ಒಮ್ಮೆ ಕದಲುತ್ತದೆಂದು ತೋರಿಸಿದ ಮೇಲೆ ತಾನೇ ಆ ಪೀಠ ಸಿಕ್ಕಿದ್ದು. ಪ್ರಯೋಗಶಾಲೆಯ ಮೇಲಿನ ಈ ಮನೆಯೂ ಅದರ ಜೊತೆಗೇ ಬಂತು. ಆ ಕದಲಿಕೆ ಅಳೆಯುವ ಕಾಂತದ ಸೂಜಿಯನ್ನು ಅವರು ನೋಡುವಾಗ ಇಲ್ಲಿ ಯಾರೂ ನಡೆದಾಡುವಂತಿಲ್ಲ. "ಈ ಮನೇಲಿ ಒಂದ್ ಮೊಳೆ ಅಲ್ಲಾಡೋಕೂ ಪ್ರೊಫೆಸರ್ರ ಅಪ್ಪಣೆ ಬೇಕು" ಎಂದು ಕೆಲಸದ ಗೆಸ್ಕೆ ಈಗಲೂ ಗೊಣಗುತ್ತಾಳೆ.

ಹನ್ನೊಂದಕ್ಕೆ ಅವರಿಗೆ ತರಗತಿ. ಆಗ ಸೂಜಿಯತ್ತ ನೆಟ್ಟ ದುರ್ಬೀನಿನ ಮುಂದೆ ಕೂತು ಅಂಕಿ ಬರೆಯುವವಳು ನಾನು. ಕೀಲಿಗೊಂಚಲು, ಕತ್ತರಿ, ತಲೆಪಿನ್ನು, ಸೂಜಿಯನ್ನು ಸೆಳೆಯುವ ಕಬ್ಬಿಣವೆಲ್ಲ ಬಾಗಿಲ ಬಳಿಯ ಬಟ್ಟಲಿಗೆ. ಪೀಠ ಸಿಗುವ ಮೊದಲಿನಿಂದಲೂ ಇದೇ ಕೆಲಸ; ಈ ಇಪ್ಪತ್ತೆರಡು ವರ್ಷದಲ್ಲಿ ಸಮುದ್ರ ನೋಡಲು ಒಮ್ಮೆಯೂ ಹೋಗಲಾಗಲಿಲ್ಲ. ಹನ್ನೊಂದು ಗಂಟೆ ದಿನವೂ ಬರುತ್ತದಲ್ಲ.

ನಾಲ್ಕು ತಿಂಗಳು ನೋಡಿದರೂ ನಿನ್ನ ಸೂಜಿ ಹನ್ನೊಂದಕ್ಕೆ ಕದಲಲಿಲ್ಲ, ಓದು ಬಿಟ್ಟು ಚಿಕ್ಕಪ್ಪನ ಹದದ ಕೊಟ್ಟಿಗೆಗೆ ಸೇರುತ್ತೇನೆ ಎಂದು ನೀನು ಬರೆದದ್ದನ್ನು ಅಪ್ಪ ಎರಡು ಸಲ ಓದಿದರು. "ಕಣ್ಣೊಂದಿದ್ರೆ ಸಾಲ್ದು, ತಾಳ್ಮೆ ಬೇಕು. ಅವರಮ್ಮನಿಗೆ ದಿನಾ ಕಾಣುತ್ತೆ, ಇವನಿಗ್ಯಾಕೆ ಕಾಣಲ್ಲ ಅಂತ ಬರಿ" ಎಂದರು. ಬರೆದಿದ್ದೇನೆ.

ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದೇನೆ, ಹಾಕಿಕೋ. ಅಪ್ಪನ ಆಶೀರ್ವಾದ, ನನ್ನದೂ.

ನಿನ್ನ ಅಮ್ಮ,
ಥೆಕ್ಲಾ

ಮರೆತ ಮಾತು: ಅಪ್ಪ ಇದನ್ನು ಓದಿ, ನನ್ನ ಕೈಗೆ ಕೊಟ್ಟು ತರಗತಿಗೆ ಹೋದರು. ಅಂಚೆಗೆ ಒಯ್ಯಲು ಗೆಸ್ಕೆ ಶಾಲು ಹೊದ್ದು ನಿಂತಿದ್ದಾಳೆ. ಓದು ಬಿಡಬೇಡ. ನನಗೆ ಎದೆನೋವಿದ್ದಾಗ ನಡು ಬಿಗಿಯುವ ಒಳಉಡುಪು ತೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಒಂಬತ್ತು ದಿನ ಅದಿಲ್ಲದೆ ಕೂತೆ. ಒಂಬತ್ತು ದಿನವೂ ಸೂಜಿ ಕದಲಲಿಲ್ಲ. ಆ ಉಡುಪಿನೊಳಗೆ ಹದಿನಾಲ್ಕು ಉಕ್ಕಿನ ಪಟ್ಟಿಗಳಿವೆ. ಕತ್ತರಿಯನ್ನು ಕೇಳಿ ತೆಗೆಸಿದವರು ಇದನ್ನು ಹೇಗೆ ಕೇಳಿಯಾರು? ನಾನಾದರೂ ಹೇಗೆ ಹೇಳಲಿ? ಆ ಒಂಬತ್ತು ದಿನವೂ ಎಂದಿನ ಅಂಕಿಯನ್ನೇ ಬರೆದಿಟ್ಟೆ. ಹೆದರಿಕೆಯಿಂದಲೋ, ಅವರ ಮೇಲಿನ ಪ್ರೀತಿಯಿಂದಲೋ, ನನಗೇ ತಿಳಿಯದು. ನಿನ್ನ ಕಣ್ಣಿಗೆ ಕಂಡದ್ದನ್ನೇ ಅಚ್ಚು ಹಾಕಿಸು. ಹನ್ನೊಂದಾಗುತ್ತಾ ಬಂತು; ಆ ಉಡುಪಿನ ಲಾಡಿ ಬಿಗಿದುಕೊಂಡು ಕೆಳಗಿಳಿಯಬೇಕು.